ಬೈಯುವ ಮೊದಲು ರಕ್ತ ಪರೀಕ್ಷೆ

ಬೆಳಿಗ್ಗೆ ಏಳಲು ಬೇಸರ, ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ತೂಕಡಿಕೆ. ಹೈಸ್ಕೂಲಿಗೆ ಹೋಗುವ ಮಗಳಲ್ಲಿ ಇವು ಕಂಡರೆ ‘ಸೋಮಾರಿ’ ಎಂದು ಬೈಯುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇತ್ತು. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೆದುಳಿಗೆ, ಸ್ನಾಯುಗಳಿಗೆ ಮುಟ್ಟಿಸುವುದು ರಕ್ತದ ಹಿಮೋಗ್ಲೋಬಿನ್. ಅದರ ತಯಾರಿಗೆ ಕಬ್ಬಿಣದ ಅಂಶ ಬೇಕು.

“ಮನೆಯಲ್ಲಿ ಸೊಪ್ಪು, ಕಾಳು ಮಾಡುತ್ತೇವಲ್ಲ ಮೇಷ್ಟ್ರೇ” ಎಂದು ತಾಯಂದಿರು ಕೇಳುತ್ತಾರೆ. ತಿಂದದ್ದು ಮೈಗೆ ಹತ್ತಬೇಕಲ್ಲ! ಸೊಪ್ಪು-ಕಾಳಿನಲ್ಲಿರುವ ಕಬ್ಬಿಣಾಂಶವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಊಟದ ಜೊತೆ ಕುಡಿದ ಕಾಫಿ, ಟೀ ಅದನ್ನು ಇನ್ನಷ್ಟು ತಡೆಯುತ್ತವೆ. ಅದೇ ಪಲ್ಯಕ್ಕೆ ನಿಂಬೆರಸ ಹಿಂಡಿದರೆ, ಊಟದೊಂದಿಗೆ ಸೀಬೆಹಣ್ಣು ತಿಂದರೆ, ಸಿ ಜೀವಸತ್ವದ ನೆರವಿನಿಂದ ಹೆಚ್ಚು ಕಬ್ಬಿಣಾಂಶ ರಕ್ತಕ್ಕೆ ಸೇರುತ್ತದೆ.

ಆದ್ದರಿಂದ ಆಹಾರ ಸಲಹೆ ಎಂದರೆ ತಿನ್ನಬೇಕಾದ ಪದಾರ್ಥಗಳ ಪಟ್ಟಿಯಷ್ಟೇ ಅಲ್ಲ. ಟ್ಯೂಷನ್ನಿಗೆ ಓಡುವ ಅವಸರದಲ್ಲಿ ತಿಂಡಿ ತಪ್ಪುತ್ತಿದೆಯೇ? ದಪ್ಪಗಾಗುವ ಭಯದಿಂದ ಊಟ ಬಿಡುತ್ತಿದ್ದಾಳೆಯೇ? ಮುಟ್ಟಿನ ರಕ್ತಸ್ರಾವ ಹೆಚ್ಚೇ? ಜಂತುಹುಳು ಇದೆಯೇ? ರಾತ್ರಿ ನಿದ್ದೆ ಎಷ್ಟು? ಇವನ್ನೆಲ್ಲ ಸಮಾಧಾನದಿಂದ ಕೇಳಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ವಾಕರಿಕೆ ಬಂತೆಂದು ಮುಂದಿನ ವಾರ ಎಸೆಯುವವರಿದ್ದಾರೆ. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ.

ರಕ್ತಹೀನತೆ ಇದೆಯೆಂದು ಗೊತ್ತಾದರೆ ವೈದ್ಯರು ಹೇಳಿದ ಔಷಧಿಯನ್ನು ಹೇಳಿದಷ್ಟು ದಿನ ತಪ್ಪದೆ ಕೊಡಿ. ವಿದ್ಯಾರ್ಥಿನಿಯರೇ, ಸುಸ್ತೆನಿಸಿದರೆ ಮುಚ್ಚಿಡದೆ ಮನೆಯಲ್ಲಿ ಹೇಳಿ.