ಗೈಡಿನಲ್ಲಿ ನಮ್ಮೂರಿಲ್ಲ

ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳಿಗೆ ಗೈಡು ನೋಡಿ ಬರೆದ ಉತ್ತರವನ್ನು ಗುರುತಿಸುವುದು ಕಷ್ಟವಲ್ಲ. ಅಕ್ಷರ ಮಗುವಿನದು, ಮಾತು ಮಗುವಿನದಲ್ಲ. 'ನಮ್ಮೂರ ಜಾತ್ರೆ' ಎಂದು ಪ್ರಬಂಧ ಕೊಟ್ಟರೆ ನಲವತ್ತು ಮಕ್ಕಳೂ ಒಂದೇ ಜಾತ್ರೆಗೆ ಹೋಗಿ ಬಂದಿರುತ್ತಾರೆ. ಅಪ್ಪನ ಹೆಗಲ ಮೇಲೆ ಕೂತು ಮಾದಪ್ಪನ ಬೆಟ್ಟ ಹತ್ತಿದ ಹುಡುಗನೂ ಗೈಡಿನ ಜಾತ್ರೆಯನ್ನೇ ಬರೆಯುತ್ತಾನೆ. ಅಂಥ ಉತ್ತರಕ್ಕೆ ಅಂಕ ಕಳೆಯುವಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಅದೇ ಸಂಕಟ 2025ರ ದಸರಾ ರಜೆಯಲ್ಲಿ ನನ್ನ ಮನೆಯ ಜಗಲಿಗೇ ಬಂತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೊಳ್ಳೇಗಾಲ ತಾಲ್ಲೂಕಿನ ಹೊಳೆದಂಡೆಯ ಊರಿಗೆ ಸೊಸೆಯಾಗಿ ಹೋದವಳು, ಆಗ ಅಲ್ಲಿನ ಗ್ರಾಮ ಪಂಚಾಯಿತಿ ಸದಸ್ಯೆ. ಚೀಲದಿಂದ ನಾಲ್ಕು ಹಾಳೆ ತೆಗೆದು ಮುಂದಿಟ್ಟಳು. "ಮೇಡಂ, ಇದನ್ನ ಒಂದ್ಸಲ ಓದ್ಬುಟ್ಟು ಹೇಳಿ. ನಮ್ಮೂರ ಹವಾಮಾನ ಯೋಜನೆ ಅಂತೆ. ಎಐ ಕೈಲಿ ಬರೆಸಿದ್ದಂತೆ" ಎಂದಳು.

ಓದಿದೆ. ತಪ್ಪಿಲ್ಲದ ಕನ್ನಡ. ಸಸಿ ನೆಡಬೇಕು, ಮಳೆನೀರು ಇಂಗಿಸಬೇಕು, ಸೌರದೀಪ ಹಾಕಿಸಬೇಕು, ಜನರಲ್ಲಿ ಜಾಗೃತಿ ಮೂಡಿಸಬೇಕು. ಎಲ್ಲವೂ ಒಳ್ಳೆಯ ಮಾತೇ. ಆದರೆ ಆ ಊರಿಗೆ ಹೊಳೆ ನುಗ್ಗುತ್ತದೆ ಎಂಬ ಒಂದು ಸಾಲು ನಾಲ್ಕು ಹಾಳೆಯಲ್ಲಿ ಎಲ್ಲಿಯೂ ಇಲ್ಲ. ಪಾತ್ರೆ ಪಗಡ, ಕೂಸು, ಕುರಿ ಎತ್ತಿಕೊಂಡು ಶಾಲೆಯ ಕೊಠಡಿಗೆ ಓಡಿದ ಊರು ಅದು!

"ಇದನ್ನು ನೀನು ಹೇಳಲಿಲ್ಲವೇನೇ?" ಎಂದೆ.

"ನನ್ನ ಯಾರು ಕೇಳುದ್ರು ಮೇಡಂ? ಟ್ರೈನಿಂಗಿಗೂ ನಮ್ಮನೆಯವರೇ ಹೋಗಿದ್ರು" ಎಂದು ನಕ್ಕಳು. ಆ ನಗು ನನಗೆ ಸಹಿಸಲಾಗಲಿಲ್ಲ. ಈ ಬರಹ ಹುಟ್ಟಿದ್ದು ಅದರಿಂದ.

ಪಂಚಾಯಿತಿ ನಾಯಕರಿಗೆ ಕೃತಕ ಬುದ್ಧಿಮತ್ತೆ, ಹವಾಮಾನ ಬದಲಾವಣೆ ಎಂದೆಲ್ಲ ತರಬೇತಿ ಕೊಡಬೇಕೆಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಕೊಡಲಿ, ಬೇಗ ಕೊಡಲಿ. ಆದರೆ ಯಾರಿಗೆ ಕೊಡುತ್ತೀರಿ, ಏನನ್ನು ಕಲಿಸುತ್ತೀರಿ ಎಂದು ನಾವು ಹೆಂಗಸರು ಗಟ್ಟಿಯಾಗಿ ಕೇಳಬೇಕಾಗಿದೆ. ಯಂತ್ರದಿಂದ ಉತ್ತರ ಪಡೆಯುವುದನ್ನು ಯಾರೂ ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬಹುದು. ತನ್ನ ಊರನ್ನು ಅದಕ್ಕೆ ತಿಳಿಸುವುದು, ಅದು ಹೇಳಿದ್ದು ಸುಳ್ಳಾದರೆ ಸುಳ್ಳೆಂದು ಹೇಳುವುದು, ಇವೇ ನಿಜವಾದ ಕಲಿಕೆ. ಅದು ಕಲಿಯಬೇಕಾದವಳು ಆಯ್ಕೆಯಾದ ಸದಸ್ಯೆ, ಅವಳ ಗಂಡನಲ್ಲ.

ನಮ್ಮ ಮೂರು ತಾಲ್ಲೂಕುಗಳನ್ನೇ ನೋಡಿ. ಕೊಳ್ಳೇಗಾಲದ ಹೊಳೆದಂಡೆಯ ದಾಸನಪುರ, ಹಳೇ ಹಂಪಾಪುರಗಳಿಗೆ 2018, 2019, 2024ರಲ್ಲಿ ನೀರು ನುಗ್ಗಿತು. ಅದು ಅಲ್ಲಿ ಸುರಿದ ಮಳೆಯಲ್ಲ. ಕೊಡಗಿನಲ್ಲಿ, ವಯನಾಡಿನಲ್ಲಿ ಸುರಿದದ್ದು ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳನ್ನು ತುಂಬಿಸಿ ಇಲ್ಲಿಗೆ ಬಂದದ್ದು. ತಲೆಯ ಮೇಲೆ ಬಿಸಿಲಿರುವಾಗಲೇ ಮನೆಯೊಳಗೆ ನೀರು ಬರುವ ಊರಿಗೆ ಸಸಿ ನೆಡುವ ಯೋಜನೆಯೊಂದೇ ಸಾಕೆ? ಪೂರ್ವಕ್ಕೆ ಹೋದರೆ ಹನೂರು. ಅಲ್ಲಿ ಮಳೆ ತಪ್ಪಿದರೆ ರಾಗಿ, ಜೋಳ ಒಣಗುತ್ತವೆ, ಉಳಿದದ್ದು ಆನೆ, ಹಂದಿಗಳ ಪಾಲು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಅಂಥ ವರ್ಷದಲ್ಲಿ ಕೊಡ ಹೊತ್ತು ನಡೆಯುವವಳು ಯಾರು ಎಂದು ನಿಮಗೆ ಹೇಳಬೇಕಾಗಿಲ್ಲ. ಯಳಂದೂರಿಗೆ ಬಂದರೆ ಸುವರ್ಣಾವತಿ, ಕೆರೆ, ಗದ್ದೆ, ಮೇಲೆ ಬಿಳಿಗಿರಿರಂಗನ ಬೆಟ್ಟ. ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರಂತೆ. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಕಾಡನ್ನೆಲ್ಲ ಮುಚ್ಚಿತು ಎನ್ನುತ್ತಾರೆ ಅವರು. 2011ರಲ್ಲಿ ಆ ಕಾಡಿನ ಮೇಲೆ ಅವರ ಸಮುದಾಯದ ಹಕ್ಕನ್ನು ಸರ್ಕಾರ ಒಪ್ಪಿತು. ಅವರ ತಿಳಿವಳಿಕೆಯನ್ನೂ ಒಪ್ಪಿ ಯೋಜನೆಗೆ ಸೇರಿಸುವುದು ಯಾವಾಗ?

ಒಂದು ಜಿಲ್ಲೆಯ ಮೂರು ತಾಲ್ಲೂಕಿಗೆ ಮೂರು ಸಂಕಟ. ಇವಕ್ಕೆ ಗೈಡಿನ ಉತ್ತರವಿಲ್ಲ.

ಹಾಗೆಂದು ನಾನು ಯಂತ್ರದ ವೈರಿಯಲ್ಲ. 2025ರ ಮುಂಗಾರು ಯಾವಾಗ ಬರುತ್ತದೆಂದು ಕೇಂದ್ರದ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮೊಬೈಲಿನಲ್ಲಿ ತಿಳಿಸಿತು. ಎಐ ಲೆಕ್ಕ ಹಾಕಿಕೊಟ್ಟ ಮುನ್ಸೂಚನೆ ಅದು. ಮಳೆ ಶುರುವಾಗಿ ನಡುವೆ ನಿಂತೀತು ಎಂಬುದನ್ನೂ ಮೊದಲೇ ಹೇಳಿತ್ತು. ಬಿತ್ತನೆ ಬೀಜಕ್ಕೆ ಓಲೆ ಅಡವಿಟ್ಟವಳಿಗೆ ಅಂಥ ಒಂದು ಸಾಲಿನ ಬೆಲೆ ಗೊತ್ತು. 2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಐದು ದಿನದ ಹವಾಮಾನ ಮುನ್ಸೂಚನೆ ಸಿಗುವ ವ್ಯವಸ್ಥೆಯಾಗಿದೆ. ನಮ್ಮ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದೆ. ಕಾಲು ಗಂಟೆಗೊಮ್ಮೆ ಅದು ಲೆಕ್ಕ ಕಳಿಸುತ್ತದೆ. ಆದರೆ ತನ್ನ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಎಷ್ಟು ಜನ ಸದಸ್ಯರು ಬೆರಳು ಮಾಡಿ ತೋರಿಸಿಯಾರು? ತರಬೇತಿಯ ಮೊದಲ ಪಾಠ ಅಲ್ಲಿಂದ ಶುರುವಾಗಲಿ.

ಹೋದ ಮದುವೆಯೊಂದರಲ್ಲಿ ಈ ಮಾತು ಎತ್ತಿದಾಗ ನೆಂಟರೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತ, "ಅಲ್ಲಮ್ಮ, ಸಹಿ ಹಾಕೋಕೆ ಒದ್ದಾಡೋ ಹೆಂಗಸರಿಗೆ ಎಐ ಯಾಕೆ?" ಎಂದರು. ಈ ಪ್ರಶ್ನೆ ಹಳೆಯದು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ರಾಜ್ಯ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಾಗಲೂ ಜಗಲಿ ಕಟ್ಟೆಗಳ ಮೇಲೆ ಇದನ್ನೇ ಕೇಳಿದ್ದರು. ಈಗ ಅದು ಅರ್ಧಕ್ಕೆ ಬಂದಿದೆ, ಪ್ರಶ್ನೆ ಮಾತ್ರ ಕದಲಿಲ್ಲ. ಯಳಂದೂರಿನ ಸಂಚಿ ಹೊನ್ನಮ್ಮ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. 17ನೆಯ ಶತಮಾನದಲ್ಲೇ ಅಕ್ಷರ ಕಲಿತು ಕಾವ್ಯ ಬರೆದಳು. ಆ ನೆಂಟರ ಕೈಯಲ್ಲಿದ್ದ ಎಲೆಯಡಿಕೆ ನೋಡಿ ನನಗೆ ಅವಳ ನೆನಪಾಯಿತು.

ನಿಜ ಹೇಳಬೇಕೆಂದರೆ ಎಐ ಬೇಡವೆಂದರೂ ಅದು ಹೆಂಗಸರನ್ನು ಬಿಟ್ಟಿಲ್ಲ. 2025ರ ಜುಲೈನಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ಆಹಾರಕ್ಕೂ ಬಸುರಿ ಬಾಣಂತಿಯರು ಮೊಬೈಲಿಗೆ ಮುಖ ತೋರಿಸಬೇಕಾಯಿತು. ಯಂತ್ರ ನಮ್ಮ ಮುಖ ಗುರುತಿಸಲು ಕಲಿತಿದೆ. ಗುರುತು ಸಿಗಲಿಲ್ಲವೆಂದು ಅದು ಹೇಳಿದರೆ ಯಾರನ್ನು ಕೇಳಬೇಕೆಂದು ನಾವು ಕಲಿಯಬೇಡವೆ? ಅದೇ ವರ್ಷ ಆಗಸ್ಟಿನಲ್ಲಿ 'ಸಭಾಸಾರ್' ಎಂಬ ಇನ್ನೊಂದು ಯಂತ್ರ ಬಂತು. ಗ್ರಾಮಸಭೆಯ ಮಾತುಗಳನ್ನು ಕೇಳಿಸಿಕೊಂಡು ತಾನೇ ನಡವಳಿ ಬರೆಯುತ್ತದಂತೆ. ಸಂತೋಷ. ಆದರೆ ಸಭೆಯಲ್ಲಿ ಸೆರಗು ಹೊದ್ದು ಹಿಂದೆ ಕೂತು ಬಾಯೇ ಬಿಡದವಳ ಮಾತನ್ನು ಯಾವ ಯಂತ್ರ ಬರೆದೀತು? ಅವಳ ಗಂಡ ಆಡಿದ್ದು ಮಾತ್ರ ಅಚ್ಚುಕಟ್ಟಾಗಿ ದಾಖಲಾಗುತ್ತದೆ. ಮೊದಲು ಬಾಯಿಮಾತಿನಲ್ಲಿ ನಡೆಯುತ್ತಿದ್ದ ಅನ್ಯಾಯಕ್ಕೆ ಈಗ ಕಾಗದದ ಸಾಕ್ಷಿಯೂ ಸಿಕ್ಕಂತಾಗುತ್ತದೆ.

ಹೆಂಡತಿಯ ಕುರ್ಚಿಯಲ್ಲಿ ಗಂಡ ಕೂರುವ ಈ ರೋಗ ನಮ್ಮ ಜಿಲ್ಲೆಯದಷ್ಟೇ ಅಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ನೇಮಿಸಿದ್ದ ಸಮಿತಿಯೇ 2025ರಲ್ಲಿ ವರದಿ ಕೊಟ್ಟು, ಹೀಗೆ ಮಾಡುವುದು ಸಾಬೀತಾದರೆ ಕಠಿಣ ದಂಡನೆ ಇರಬೇಕೆಂದಿತು. ಸದಸ್ಯೆಯರು ಕಾನೂನು, ಆಡಳಿತದ ವಿಷಯ ಕೇಳಿ ತಿಳಿಯಲು ಅವರವರ ಭಾಷೆಯಲ್ಲೇ ಉತ್ತರಿಸುವ ಎಐ ಇರಲಿ ಎಂದೂ ಅದೇ ವರದಿ ಹೇಳಿದೆ. ಎಂಥ ಒಳ್ಳೆಯ ಮಾತು! ಗುಮಾಸ್ತನ ಮುಖ ನೋಡದೆ, ಗಂಡನ ಅಪ್ಪಣೆ ಕಾಯದೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳೇ ಕೇಳಿ ತಿಳಿಯಬಹುದು. ಆದರೆ ಅದಕ್ಕೆ ಮೊಬೈಲು ಅವಳ ಕೈಯಲ್ಲಿರಬೇಕಲ್ಲ! 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಂಟರ್‌ನೆಟ್ಟನ್ನು ಒಮ್ಮೆಯಾದರೂ ಬಳಸಿದ ಹೆಂಗಸರು ನೂರಕ್ಕೆ ಸುಮಾರು 33 ಮಾತ್ರ.

ಊರಿನವರ ತಿಳಿವಳಿಕೆಯಿಂದ ಏನಾದೀತು ಎನ್ನುವವರು ಪಕ್ಕದ ವಯನಾಡಿನತ್ತ ನೋಡಲಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಸತ್ತವರಲ್ಲಿ ಕನ್ನಡ ನಾಡಿನ ಮೂಲದವರೂ ಇದ್ದರು. ಕಲ್ಪೆಟ್ಟಾದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಊರೂರ ಜನ ತಮ್ಮ ಅಂಗಳದಲ್ಲಿ ಅಳೆದ ಮಳೆಯ ಲೆಕ್ಕವನ್ನು ಕೂಡಿಸಿ ಹಿಂದಿನ ದಿನವೇ ಅಪಾಯದ ಎಚ್ಚರಿಕೆ ಕೊಟ್ಟಿತ್ತು. ಅಂಗಳದಲ್ಲಿ ಅಳೆದ ಮಳೆ ಅಷ್ಟು ಹೇಳಬಲ್ಲದು. ಹೇಳಿದ್ದನ್ನು ಕೇಳಿಸಿಕೊಳ್ಳುವವರು ಬೇಕು.

ಆದ್ದರಿಂದ ನಾನು ಕೇಳುವುದು ಮೂರೇ. ತರಬೇತಿಗೆ ಆಯ್ಕೆಯಾದವಳೇ ಬರಲಿ, ಗಂಡ ಬಂದರೆ ಬಾಗಿಲಿನಿಂದಲೇ ಹಿಂದೆ ಕಳಿಸಲಿ. ಪಾಠ ಕನ್ನಡದಲ್ಲಿ, ಅವಳ ಕೈಯ ಮೊಬೈಲಿನಲ್ಲೇ ನಡೆಯಲಿ. ಯಂತ್ರ ಬರೆದ ಯೋಜನೆ ಯಾವುದೇ ಇರಲಿ, ಮಂಜೂರಾಗುವ ಮೊದಲು ಮಹಿಳಾ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಸುಳ್ಳು ಎಲ್ಲಿದೆ ಎಂದು ಕೊಡ ಹೊರುವವಳು ಮೊದಲ ಪುಟದಲ್ಲೇ ಹಿಡಿಯುತ್ತಾಳೆ. ಪಟ್ಟಣದಲ್ಲಿರುವ ನಾವೂ ಇದು ಹಳ್ಳಿಯವರ ಪಾಡೆಂದು ಸುಮ್ಮನಿರುವಂತಿಲ್ಲ. ಕೊಳ್ಳೇಗಾಲದ ನಗರಸಭೆ, ಹನೂರು, ಯಳಂದೂರಿನ ಪಟ್ಟಣ ಪಂಚಾಯಿತಿಗಳಲ್ಲೂ ನಮ್ಮ ವಾರ್ಡಿನ ಯೋಜನೆಗಳು ಹೀಗೇ ತಯಾರಾಗಬಹುದು.

ಆ ದಿನ ಕಾಫಿ ಕುಡಿದ ಮೇಲೆ ನನ್ನ ಶಿಷ್ಯೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಮೊಬೈಲಿನಲ್ಲೇ ಎಐ ತೆರೆಸಿದೆ. "ಈಗ ನಿಮ್ಮೂರನ್ನು ನೀನೇ ಹೇಳು" ಎಂದೆ. ಮೊದಲು ನಾಚಿದಳು. ಆಮೇಲೆ ಹೇಳತೊಡಗಿದಳು: ನೀರು ಮೊದಲು ಯಾವ ಬೀದಿಗೆ ಬರುತ್ತದೆ, ಯಾವ ಮನೆಯಲ್ಲಿ ಏಳಲಾಗದ ಮುದುಕಿ ಇದ್ದಾಳೆ, ದನ ಎಲ್ಲಿ ಕಟ್ಟಬೇಕು, ಗುಡಿಯ ಗೋಡೆಯ ಮೇಲೆ ನೀರಿನ ಗುರುತು ಎಷ್ಟೆತ್ತರ. ಈ ಸಲ ಬಂದ ಉತ್ತರದಲ್ಲಿ ಅವಳ ಊರಿತ್ತು. ಎರಡು ತಪ್ಪೂ ಇದ್ದವು, ಅವಳೇ ಹಿಡಿದು ತಿದ್ದಿಸಿದಳು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಮೇಡಂ, ಡ್ಯಾಮಿಂದ ನೀರು ಬಿಡಕ್ಕೆ ಎಷ್ಟು ಗಂಟೆ ಮುಂಚೆ ನಮಗೆ ತಿಳಿಸ್ಬೇಕು ಅಂತ ಇದರಲ್ಲಿ ಬರುಸ್ಬೌದಾ?"

ಇಂಥ ಪ್ರಶ್ನೆ ಯಾವ ಗೈಡಿನಲ್ಲೂ ಇಲ್ಲ. ಪೂರಾ ಅಂಕ ಕೊಟ್ಟು ಕಳಿಸಿದೆ.