ನಾಟಕಕ್ಕೂ ಕಾರ್ಡ್‌ಲೆಸ್ ಮೈಕ್ ಬೇಕು

ಶಾಲಾ ವಾರ್ಷಿಕೋತ್ಸವದಲ್ಲಿ ಕಾರ್ಡ್‌ಲೆಸ್ ಮೈಕ್ ಭಾಷಣಕ್ಕೆ ಮಾತ್ರ ಸಿಗುತ್ತದೆ. ನಾಟಕದವರು ಸ್ಟ್ಯಾಂಡ್ ಮೈಕಿನ ಮುಂದೆಯೇ ನಿಂತು ಮಾತಾಡಬೇಕು. ರಾಜನೂ ಅಲ್ಲೇ, ಕಳ್ಳನೂ ಅಲ್ಲೇ! ಮೆಲುದನಿಯವರಿಗೆ ಪಾರ್ಟೇ ಸಿಗೋದಿಲ್ಲ. ಇದು ಸರಿಯಲ್ಲ.

ಮಕ್ಕಳು ಕೆಡಿಸ್ತಾರೆ ಅಂತ ದೊಡ್ಡವರು ಹೇಳುತ್ತಾರೆ. ಆದರೆ ಅದನ್ನು ಜೋಡಿಸೋದು ಕಷ್ಟವೇನಲ್ಲ. ನಮ್ಮ ಮಾತು ಮೈಕಿನಿಂದ ರೇಡಿಯೋ ಅಲೆಯಾಗಿ ರಿಸೀವರಿಗೆ ಹೋಗುತ್ತದೆ. ನಡುವೆ ಜನ ನಿಂತರೆ ಮಾತು ತುಂಡಾಗಬಹುದು. ಅದಕ್ಕೆ ರಿಸೀವರನ್ನು ವೇದಿಕೆಯ ಹತ್ತಿರ, ಎತ್ತರದಲ್ಲಿ ಇಡಬೇಕು. 2 ಮೈಕ್ ಇದ್ದರೆ 2 ಬೇರೆ ಚಾನೆಲ್ ಬೇಕು. ಹೊಸ ಸೆಲ್ ಹಾಕಬೇಕು. ಸ್ಪೀಕರ್ ಮುಂದೆ ಮೈಕ್ ಹಿಡಿದರೆ ಕುಂಯ್ ಅನ್ನುತ್ತೆ. ಪರದೆ ಏಳುವ ಮೊದಲೇ ಎಲ್ಲವನ್ನೂ ಪರೀಕ್ಷಿಸಿದರೆ ಆಯಿತು.

ಗುರುಗಳೇ, ಈ ಸಲ ನಾಟಕಕ್ಕೂ ಆ ಮೈಕ್ ಕೊಡಿಸಿ. ಕೊನೇ ಸಾಲಿನ ಅಜ್ಜಿಯರಿಗೂ ನಮ್ಮ ಮಾತು ಕೇಳಲಿ.