ದೀಪ ಉರಿದರೆ ಸಾಲದು, ನೀರೂ ಬರಬೇಕು

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದ ಸುತ್ತಮುತ್ತ ರಾತ್ರಿ ಸಂಚರಿಸಿದವರಿಗೆ ಗದ್ದೆ ಬದಿಯ ಪಂಪ್‌ಸೆಟ್ ಮನೆಗಳ ಮುಂದೆ ಉರಿಯುವ ಬಲ್ಬುಗಳು ಪರಿಚಿತ. ಮೋಟಾರಿಗೆ ಕರೆಂಟು ಬಂದೊಡನೆ ಬಲ್ಬೂ ಹೊತ್ತಿಕೊಳ್ಳುವಂತೆ ತಂತಿ ಎಳೆದಿರುತ್ತಾರೆ. ರೈತನಿಗೆ ಮನೆಯ ಜಗಲಿಯಿಂದಲೇ ವಿಷಯ ತಿಳಿಯುತ್ತದೆ. ಸಸ್ಯವಿಜ್ಞಾನಿಗಳು ‘ರಿಪೋರ್ಟರ್ ಜೀನ್’ ಎಂದು ಕರೆಯುವುದು ಇಂಥದೇ ಒಂದು ಬಲ್ಬನ್ನು.

ಗಿಡದ ಎಲ್ಲ ಭಾಗಗಳಲ್ಲೂ ವಂಶವಾಹಿಗಳು ಇದ್ದರೂ ಎಲ್ಲವೂ ಸದಾಕಾಲ ಕೆಲಸ ಮಾಡುವುದಿಲ್ಲ. ಅವುಗಳನ್ನು ನಡೆಸುವುದು ‘ಪ್ರೊಮೋಟರ್’ ಎಂಬ ಸ್ವಿಚ್ಚು. ಆ ಸ್ವಿಚ್ಚಿಗೆ ಬಣ್ಣ ಅಥವಾ ಬೆಳಕು ಕೊಡುವ ಮತ್ತೊಂದು ವಂಶವಾಹಿಯನ್ನು ಜೋಡಿಸಿದರೆ, ಅದು ಬೇರಿನಲ್ಲಿ ಚಾಲೂ ಆಗಿದೆಯೋ ಕಾಯಿಯಲ್ಲಿಯೋ ಎಂಬುದನ್ನು ಕಣ್ಣಾರೆ ಕಾಣಬಹುದು. 1987ರಲ್ಲಿ ರಿಚರ್ಡ್ ಜೆಫರ್ಸನ್ ಮತ್ತು ಸಂಗಡಿಗರು ಸಸ್ಯಗಳಲ್ಲಿ ಬಳಕೆಗೆ ತಂದ ‘ಗಸ್’ ವಂಶವಾಹಿಯು ತಕ್ಕ ರಾಸಾಯನಿಕದಲ್ಲಿ ಅದ್ದಿದ ಎಲೆಗೆ ನೀಲಿ ಬಣ್ಣ ತರುತ್ತದೆ. ಜೆಲ್ಲಿ ಮೀನಿನ ಹಸಿರು ಹೊಳಪಿನ ಪ್ರೋಟೀನಿಗೆ ಸಂಬಂಧಿಸಿದ ಸಂಶೋಧನೆಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 2020ರಲ್ಲಿ ಪ್ರಕಟವಾದ ‘ರೂಬಿ’ ವಿಧಾನದಲ್ಲಂತೂ ಗಿಡವೇ ಬೀಟ್‌ರೂಟಿನ ಕೆಂಪನ್ನು ತಳೆಯುತ್ತದೆ. ಉಪಕರಣವೂ ಬೇಡ, ರಾಸಾಯನಿಕವೂ ಬೇಡ.

ಇದು ಪ್ರಯೋಗಾಲಯದ ಮಾತು, ವ್ಯಾಪಾರಿಗಳಿಗೇಕೆ ಎಂದು ಸದಸ್ಯರು ಕೇಳಬಹುದು. ಬಿತ್ತನೆ ಬೀಜ ಮಾರುವವರಿಗಂತೂ ಇದು ಬೇಕಾದ ಮಾತೇ. ಬೀಜದಲ್ಲಿ ವಂಶವಾಹಿ ಇರುವುದು ಬೇರೆ, ಅದು ಬೇಕಾದೆಡೆ ಬೇಕಾದಷ್ಟು ಕೆಲಸ ಮಾಡುವುದು ಬೇರೆ. 2002ರಲ್ಲಿ ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಅದರ ಕೀಟನಾಶಕ ಪ್ರೋಟೀನು ಎಲೆಗಳಲ್ಲಿ ಹೆಚ್ಚಾಗಿಯೂ, ಕಾಯಿಕೊರಕ ತಿನ್ನುವ ಹಸಿರು ಕಾಯಿಯ ಸಿಪ್ಪೆಯಲ್ಲಿ ಕಡಿಮೆಯಾಗಿಯೂ ಇದ್ದು, ಗಿಡಕ್ಕೆ ವಯಸ್ಸಾದಂತೆ ಕುಗ್ಗುತ್ತದೆಂದು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಬೆಳೆ ಕೈಕೊಟ್ಟಾಗ ರೈತನು ಮೊದಲು ಬರುವುದು ಅಂಗಡಿಯ ಬಾಗಿಲಿಗೆ, ಕಂಪನಿಯ ಕಚೇರಿಗಲ್ಲ.

ರಿಪೋರ್ಟರ್ ಜೀನಿಗೂ ಮಿತಿಯುಂಟು. ಬಲ್ಬು ಉರಿದರೆ ಕರೆಂಟು ಬಂದಿದೆ ಎಂದಷ್ಟೇ ಅರ್ಥ. ಕೊಳವೆಯಲ್ಲಿ ನೀರು ಬಂದಿತೇ ಎಂಬುದನ್ನು ಗದ್ದೆಗೆ ಹೋಗಿಯೇ ನೋಡಬೇಕು. ಅಂತೆಯೇ ಪ್ರೋಟೀನಿನ ಪ್ರಮಾಣವನ್ನು ಎಲೈಸಾ ಮುಂತಾದ ಪರೀಕ್ಷೆಗಳಿಂದ ಅಳೆಯಬೇಕು, ಫಲವನ್ನು ಹೊಲದಲ್ಲಿ ಕಾಣಬೇಕು. ಹೊಳೆಯುವ ಎಲೆಯ ಚಿತ್ರವೊಂದನ್ನು ತೋರಿಸಿ ಇಳುವರಿಯ ಭರವಸೆ ಕೊಡುವ ಪ್ರತಿನಿಧಿಗೆ ವ್ಯಾಪಾರಿಯು ಎರಡು ಪ್ರಶ್ನೆ ಹಾಕಬೇಕು: ಗುಣವು ಗಿಡದ ಯಾವ ಭಾಗದಲ್ಲಿ, ಎಷ್ಟು ದಿನದವರೆಗೆ ನಿಲ್ಲುತ್ತದೆ? ನಮ್ಮ ಮಣ್ಣಿನಲ್ಲಿ ಅಳೆದು ನೋಡಿದ ಲೆಕ್ಕವೆಲ್ಲಿ?

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಜೀನ್ ತಿದ್ದುಪಡಿಯ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದೆ. ಭತ್ತವನ್ನೇ ನಂಬಿದ ಮಂಡ್ಯ ಜಿಲ್ಲೆಯ ಅಂಗಡಿಗಳಿಗೂ ಇಂಥ ಪ್ರಶ್ನೆಗಳು ದೂರವಿಲ್ಲ. ಮಂಡ್ಯದ ವಿ.ಸಿ. ಫಾರಂ ವಿಜ್ಞಾನಿಗಳ ನೆರವು ಕೋರಿ, ಬೀಜ ವ್ಯಾಪಾರಿಗಳಿಗಾಗಿ ಒಂದು ದಿನದ ತರಬೇತಿಯನ್ನು ನಮ್ಮ ಸಂಸ್ಥೆಯು ಏರ್ಪಡಿಸುವುದು ಉಚಿತ. ಸರಕನ್ನು ಅರಿತು ಮಾರುವವನ ಮಾತಿಗೆ ಸಂತೆಯಲ್ಲಿ ಎಂದಿಗೂ ಬೆಲೆಯಿದೆ.